ಹತ್ತು ವರ್ಷ ದಾಟಿದ ಕಾರಿಗೆ ಎಷ್ಟು ಕೊಡಬಹುದು? ಕಲಬುರಗಿ ಕಡೆ ಹಳೆ ಗಾಡಿ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಕಾರಿಗೆ ಮಾರ್ಕೆಟ್‌ನಲ್ಲಿ ಒಂದು ರೇಟ್ ಇರುತ್ತದೆ. ಮಾಡೆಲ್ ಹೇಳಿದರೆ ಸಾಕು, ತಿಳಿದವರು ಹತ್ತಿಪ್ಪತ್ತು ಸಾವಿರ ಆಚೀಚೆ ಬೆಲೆ ಹೇಳಿಬಿಡುತ್ತಾರೆ. ಹತ್ತು ವರ್ಷ ದಾಟಿದ ಗಾಡಿಗೆ ಹಾಗೆ ಹೇಳಲು ಬರುವುದಿಲ್ಲ. ಒಂದೇ ವರ್ಷದ, ಒಂದೇ ಬಣ್ಣದ ಎರಡು ವ್ಯಾಗನ್‌ಆರ್ ಪಕ್ಕಪಕ್ಕ ನಿಂತಿರುತ್ತವೆ. ಒಂದಕ್ಕೆ ಎರಡೂವರೆ ಲಕ್ಷ ಕೊಟ್ಟರೂ ಲಾಭ, ಇನ್ನೊಂದಕ್ಕೆ ಒಂದೂವರೆ ಕೊಟ್ಟರೂ ನಷ್ಟ. ಹಿಂದಿನವರು ಅದನ್ನು ಹೇಗೆ ಇಟ್ಟುಕೊಂಡಿದ್ದರು ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತದೆ.

ಹಾಗಾಗಿ ಇಲ್ಲಿ ಒಂದೇ ಲೆಕ್ಕ ಹಿಡಿದು ಹೋಗೋಣ. ಅಂಥದ್ದೇ ಗಾಡಿ, ಚೆನ್ನಾಗಿರೋದು, ನಮ್ಮ ಕಡೆ ಎಷ್ಟಕ್ಕೆ ಹೋಗುತ್ತದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಆಮೇಲೆ ನಿಮ್ಮ ಮುಂದಿರುವ ಗಾಡಿಯನ್ನು ಆ ಸ್ಥಿತಿಗೆ ತರಲು ಮೊದಲ ವರ್ಷದಲ್ಲಿ ಎಷ್ಟು ರೊಕ್ಕ ಹಾಕಬೇಕು ಅಂತ ಒಂದೊಂದಾಗಿ ಬರೆಯಿರಿ. ಕಳೆದು ಉಳಿದದ್ದು ನಿಮ್ಮ ಬೆಲೆ. ನೋಡಲು ಹೋಗುವಾಗ ಚಿಕ್ಕ ನೋಟ್‌ಬುಕ್, ಟಾರ್ಚ್, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್, ಕೈ ಒರೆಸಲು ಹಳೆ ಬಟ್ಟೆ ಜೊತೆಗಿರಲಿ.

1. ಮನೆಯಲ್ಲೇ ಕೂತು ಮಾರ್ಕೆಟ್ ನೋಡಿ

ಬೇಕಾದ ಮಾಡೆಲ್ ಒಂದೋ ಎರಡೋ ಆರಿಸಿಕೊಳ್ಳಿ. ಆನ್‌ಲೈನ್ ಜಾಹೀರಾತುಗಳಲ್ಲಿ ಅದೇ ಮಾಡೆಲ್, ಅದೇ ಇಂಧನ, ವರ್ಷ ಒಂದು ಆಚೀಚೆ ಇರುವ ಹತ್ತು ಗಾಡಿಗಳ ಬೆಲೆ ಬರೆದುಕೊಳ್ಳಿ. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್, ಕೆಎ-36 ರಾಯಚೂರು, ಕೆಎ-28 ವಿಜಯಪುರ, ಇಷ್ಟು ಸಾಕು. ತುಂಬಾ ಜಾಸ್ತಿ ಹೇಳಿದ ಎರಡು, ತುಂಬಾ ಕಡಿಮೆ ಹೇಳಿದ ಎರಡು ಬಿಟ್ಟುಬಿಡಿ. ಉಳಿದ ಆರರ ಸರಾಸರಿ ತೆಗೆಯಿರಿ. ನೆನಪಿರಲಿ, ಇವೆಲ್ಲ ಕೇಳುವ ಬೆಲೆ. ಒಂದು ಜಾಹೀರಾತು ತಿಂಗಳಾದರೂ ಹಾಗೇ ಇದ್ದರೆ ಆ ರೇಟಿಗೆ ಯಾರೂ ಬಂದಿಲ್ಲ ಅಂತಲೇ ಅರ್ಥ. ಸರಾಸರಿಯಿಂದ ನೂರಕ್ಕೆ ಐದರಿಂದ ಹತ್ತು ಇಳಿಸಿದರೆ ವ್ಯಾಪಾರ ಕುದುರುವ ಬೆಲೆಗೆ ಹತ್ತಿರ ಬರುತ್ತೀರಿ.

ಕೆಲವರು ಇನ್ಶೂರೆನ್ಸ್ ಕಾಪಿ ತೆಗೆದು "ನೋಡ್ರಿ, ಐಡಿವಿನೇ ಎರಡೂವರೆ ಲಕ್ಷ ಅದ" ಅನ್ನುತ್ತಾರೆ. ಐಡಿವಿ ಅಂದರೆ ಇನ್ಶೂರೆನ್ಸ್‌ನಲ್ಲಿ ಬರೆದ ಗಾಡಿಯ ಬೆಲೆ. ಆ ಅಂಕಿ ನೋಡಿ ಬೆಲೆ ಕಟ್ಟಬೇಡಿ. ಐದು ವರ್ಷದ ತನಕ ಮಾತ್ರ ಐಡಿವಿಗೆ ನಿಗದಿತ ಸವಕಳಿ ಪಟ್ಟಿ ಇದೆ. ನಾಲ್ಕು ದಾಟಿ ಐದರ ಒಳಗಿದ್ದರೆ ಶೇ 50 ಕಳೆಯುತ್ತಾರೆ. ಐದಾದ ಮೇಲೆ ಅದು ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡ ಅಂಕಿ, ಅಷ್ಟೇ.

ಮಾಡೆಲ್ ಆರಿಸುವಾಗ ಸ್ಪೇರ್ ಪಾರ್ಟ್ ಯೋಚನೆ ಮಾಡಿ. ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಸ್ಯಾಂಟ್ರೊ, ಐ10, ಬೊಲೆರೊ: ಇವುಗಳ ಸಾಮಾನು ನಮ್ಮಲ್ಲೇ ಸಿಗುತ್ತದೆ, ಕೈ ಹಾಕದ ಮಿಸ್ತ್ರಿಯೇ ಇಲ್ಲ. ಷೆವರ್ಲೆ ಕಾರುಗಳು 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದವು. ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಅಂದದ್ದು 2021ರಲ್ಲಿ. ಇವು ಕೆಟ್ಟ ಗಾಡಿಗಳಲ್ಲ, ಕೆಲವು ಓಡಿಸಲು ತುಂಬಾ ಚೆನ್ನಾಗಿವೆ. ಆದರೆ ಒಂದು ಸೆನ್ಸರ್‌ಗೋ ಹೆಡ್‌ಲೈಟ್‌ಗೋ ಹೈದರಾಬಾದ್ ಕಡೆ ಮುಖ ಮಾಡಿ ಕೂರಬೇಕು. ಬೆಲೆ ಅಗ್ಗ ಇರೋದು ಅದಕ್ಕೇ.

ಇನ್ನು ಡೀಸೆಲ್. ಹಳೆ ಡೀಸೆಲ್ ಗಾಡಿ ಪಿಕಪ್ ನೋಡಿ ಆಸೆ ಹುಟ್ಟುತ್ತದೆ, ನಿಜ. ಆದರೆ ಇಂಜೆಕ್ಟರ್, ಟರ್ಬೊ, ಹೈ ಪ್ರೆಶರ್ ಪಂಪ್, ಇದರಲ್ಲಿ ಒಂದು ಹೋದರೂ ಬರುವ ಬಿಲ್ ಸಣ್ಣ ಪೆಟ್ರೋಲ್ ಕಾರಿನ ವರ್ಷದ ಖರ್ಚಿಗಿಂತ ಜಾಸ್ತಿ. ದಿನಾ ಆಳಂದಕ್ಕೋ ಚಿತ್ತಾಪುರಕ್ಕೋ ಹೋಗಿ ಬರುವವರಿಗೆ ಸರಿ. ಊರೊಳಗೆ ಮಕ್ಕಳನ್ನು ಶಾಲೆಗೆ ಬಿಡಲು, ತಿಂಗಳಿಗೊಮ್ಮೆ ಗಾಣಗಾಪುರಕ್ಕೆ ಹೋಗಲು ಆದರೆ ಪೆಟ್ರೋಲ್ ಸಾಕು.

ನಮ್ಮ ಕಡೆ ಕಾಲವೂ ಬೆಲೆ ನಿರ್ಧರಿಸುತ್ತದೆ. ತೊಗರಿ ಗಂಜ್‌ಗೆ (ಎಪಿಎಂಸಿ ಮಾರುಕಟ್ಟೆಗೆ) ಬಂದು ರೊಕ್ಕ ಕೈಗೆ ಸಿಕ್ಕ ಹೊತ್ತಿನಲ್ಲಿ ಕೊಳ್ಳುವವರು ಜಾಸ್ತಿ, ಹಿಂದೆಯೇ ಮದುವೆ ಸೀಸನ್. ಬಿತ್ತನೆಯೂ ಶಾಲೆ ಫೀಸೂ ಒಟ್ಟಿಗೆ ಬರುವ ಜೂನ್, ಜುಲೈನಲ್ಲಿ ಮಾರುವವರಿಗೆ ಅವಸರ ಇರುತ್ತದೆ. ಕಾಯಲು ಆಗುವುದಾದರೆ ಅಲ್ಲಿ ತನಕ ಕಾಯಿರಿ.

2. ಗಾಡಿಗಿಂತ ಮೊದಲು ಕಾಗದ

ಫೋನಿನಲ್ಲೇ ನಂಬರ್ ಕೇಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ದಿನಾಂಕ, ಆರ್‌ಸಿ ಎಲ್ಲಿ ತನಕ ಚಾಲ್ತಿ, ಇನ್ಶೂರೆನ್ಸ್ ಇದೆಯಾ ಇಲ್ಲವಾ ಗೊತ್ತಾಗುತ್ತದೆ. ಇ-ಚಲನ್ ಬಾಕಿಯನ್ನು ಪರಿವಾಹನ್ ತಾಣದಲ್ಲೇ ನೋಡಬಹುದು. ಆರ್‌ಸಿಯ ಎರಡೂ ಬದಿಯ ಫೋಟೊ ತರಿಸಿಕೊಂಡು ಇವನ್ನು ನೋಡಿ:

ತಯಾರಾದ ತಿಂಗಳು ಯಾವುದು, ನೋಂದಣಿ ಯಾವಾಗ. 2012ರ ಗಾಡಿ 2013ರಲ್ಲಿ ನೋಂದಣಿ ಆಗಿದ್ದರೆ ಮಾರುವವರು 2013 ಅನ್ನುತ್ತಾರೆ. ನೀವು 2012 ಅಂತ ಬರೆದುಕೊಳ್ಳಿ.

ಎಷ್ಟನೇ ಮಾಲೀಕರು. ಎರಡನೆಯವರ ತನಕ ಚಿಂತೆಯಿಲ್ಲ. ನಾಲ್ಕು, ಐದು ಕೈ ದಾಟಿದ ಗಾಡಿಯನ್ನು ನೀವು ನಾಳೆ ಮಾರಲು ಹೋದಾಗಲೂ ಅದೇ ಮಾತು ಬರುತ್ತದೆ.

ಸಾಲದ ನಮೂದು. ಹೈಪೋಥಿಕೇಶನ್ ಅಂತ ಬ್ಯಾಂಕಿನ ಹೆಸರಿದ್ದರೆ "ಸಾಲ ಎಂದೋ ತೀರಿದೆ" ಅನ್ನೋ ಮಾತು ಸಾಲದು. ಬ್ಯಾಂಕಿನ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ) ಮತ್ತು ಫಾರ್ಮ್ 35 ಹಾಕಿ ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ರೊಕ್ಕ.

ಆರ್‌ಸಿಯ ಆಯುಸ್ಸು. ಖಾಸಗಿ ಕಾರಿನ ನೋಂದಣಿ 15 ವರ್ಷ. 2012ರಲ್ಲಿ ನೋಂದಣಿಯಾದದ್ದು 2027ಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ, ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿಗೆ ಮೊದಲ ನವೀಕರಣದ ಶುಲ್ಕವೇ 5,000 ರೂಪಾಯಿ, ಅದರ ಮೇಲೆ ಗ್ರೀನ್ ಟ್ಯಾಕ್ಸ್. ಲೈಟು, ಬ್ರೇಕು, ಹೊಗೆ, ತುಕ್ಕು ಎಲ್ಲಾ ಸರಿಪಡಿಸಿಯೇ ಗಾಡಿ ತೋರಿಸಬೇಕು. ಹಾಗಾಗಿ 14 ವರ್ಷದ ಗಾಡಿಗೂ, ಈಗಷ್ಟೇ ನವೀಕರಣವಾದ 15 ವರ್ಷದ ಗಾಡಿಗೂ ಹೋಲಿಸಿದರೆ ಎರಡನೆಯದಕ್ಕೇ ಜಾಸ್ತಿ ಕೊಡಬಹುದು.

ನಮ್ಮದು ಗಡಿ ಸೀಮೆ. ಎಂಎಚ್-13 ಸೊಲ್ಲಾಪುರದ ಗಾಡಿ, ಎಂಎಚ್-12 ಪುಣೆ ಗಾಡಿ, ಹೈದರಾಬಾದ್ ಗಾಡಿ ಬೀದಿ ಬೀದಿಯಲ್ಲಿ ಕಾಣುತ್ತವೆ. ಹೈದರಾಬಾದಿನವು 2014ಕ್ಕೆ ಮೊದಲು ಎಪಿ, ಆಮೇಲೆ ಟಿಎಸ್, 2024ರಿಂದ ಟಿಜಿ. ಅಲ್ಲಿ ಆಯ್ಕೆ ಜಾಸ್ತಿ, ಬೆಲೆಯೂ ಕಡಿಮೆ ಕಾಣುತ್ತದೆ. ಆದರೆ ಬೇರೆ ರಾಜ್ಯದ ನಂಬರಿನ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಓಸಿ ಬೇಕು, ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ನೀವು ಕೊಟ್ಟ ಎರಡು ಲಕ್ಷದ ಮೇಲೆ ಟ್ಯಾಕ್ಸ್ ಹಾಕುತ್ತಾರೆ ಅಂದುಕೊಳ್ಳಬೇಡಿ. ಗಾಡಿ ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು ಹಾಕುತ್ತಾರೆ. ದೊಡ್ಡ ಡೀಸೆಲ್ ಗಾಡಿಗೆ ಇದು ಕೈ ಸುಡುತ್ತದೆ. ಅಲ್ಲಿ ಉಳಿದ ನಲವತ್ತು ಸಾವಿರ ಇಲ್ಲಿ ಟ್ಯಾಕ್ಸ್‌ನಲ್ಲೇ ಹೋಗಿ, ಮೇಲೆ ಓಡಾಟ ಬೇರೆ. ಆರ್‌ಟಿಒದಲ್ಲಿ ವಿಚಾರಿಸಿ, ಟ್ಯಾಕ್ಸ್ ಅಂಕಿ ಕೈಯಲ್ಲಿ ಇಟ್ಟುಕೊಂಡೇ ಹೈದರಾಬಾದ್ ಬಸ್ ಹತ್ತಿ.

ಇನ್ನೊಂದು ವಿಷಯ. ಆರ್‌ಸಿಯಲ್ಲಿ ತಂದೆಯ ಹೆಸರು, ತಂದೆ ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾನೆ: ಹಳ್ಳಿಗಳಲ್ಲಿ ಇದು ಬಹಳ. ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಬದಲಾಗಲಿ. ಅಣ್ಣತಮ್ಮಂದಿರ ಜಗಳದ ನಡುವೆ ನಿಮ್ಮ ರೊಕ್ಕ ಸಿಗಬಾರದು.

3. ಬೆಳಿಗ್ಗೆ ಹೋಗಿ, ತಣ್ಣಗಿನ ಎಂಜಿನ್ ನೋಡಿ

"ಏಳು ಗಂಟೆಗೆ ಬರ್ತೀನಿ, ಗಾಡಿ ಚಾಲೂ ಮಾಡಬೇಡ್ರಿ" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಯಾರೋ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ಯಾಕೆ ಅಂತ ಕೇಳಿ, ಚಹಾ ಕುಡಿದು, ಇನ್ನೊಂದು ದಿನ ಬನ್ನಿ.

ತಣ್ಣಗಿದ್ದರೆ ಮೊದಲು ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಎಂಜಿನ್ ಮೇಲೆ ಎಂದೂ ತೆಗೆಯಬೇಡಿ, ಮುಖಕ್ಕೇ ಸಿಡಿಯುತ್ತದೆ. ಒಳಗೆ ಹಸಿರೋ ಕೆಂಪೋ ಬಣ್ಣದ ಕೂಲಂಟ್ ಇರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ನೀರು ಕಡಿಮೆ ಆದಾಗ ಬೋರ್ ನೀರು ಸುರಿದುಬಿಡುತ್ತಾರೆ. ಸುಣ್ಣದಕಲ್ಲಿನ ನೆಲದ ಗಡುಸು ನೀರು ಅದು. ಮುಚ್ಚಳದ ಕೆಳಗೆ, ರೇಡಿಯೇಟರ್ ಬಾಯಿಯ ಅಂಚಿನಲ್ಲಿ ಬಿಳಿ ಪದರ ಕಟ್ಟಿದ್ದರೆ, ಇಲ್ಲಾ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ, ಒಳಗಿನ ಸಣ್ಣ ಕೊಳವೆಗಳಲ್ಲೂ ಅದೇ ಕೂತಿದೆ ಅಂತ ತಿಳಿಯಿರಿ. ಮೇ ತಿಂಗಳ 43 ಡಿಗ್ರಿಯಲ್ಲಿ, ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತ ದಿನ ಅದು ಹೊರಗೆ ಬರುತ್ತದೆ. ರೇಡಿಯೇಟರ್ ಖರ್ಚು ಬರೆದುಕೊಳ್ಳಿ.

ಆಮೇಲೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. ಆಯಿಲ್ ಕಪ್ಪಾಗಿದ್ದರೆ ಹೆದರಬೇಡಿ, ಡೀಸೆಲ್‌ನಲ್ಲಿ ಅದು ಸಹಜ. ಮಟ್ಟ ಕಡಿಮೆ ಇದೆಯಾ ನೋಡಿ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅದರ ಒಳಬದಿಗೆ ಟಾರ್ಚ್ ಹಾಕಿ. ಮಜ್ಜಿಗೆ ಬಣ್ಣದ ಕೆನೆ ಅಂಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ ಅನುಮಾನ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡಿದ ಗಾಡಿಯಲ್ಲಿ ತೆಳುವಾಗಿ ಇರಬಹುದು. ಆದರೆ ಅದರ ಜೊತೆಗೆ ಕೂಲಂಟ್ ಮೇಲೂ ಎಣ್ಣೆ ತೇಲುತ್ತಿದ್ದರೆ ಮಾತು ಅಲ್ಲಿಗೆ ಮುಗಿಸಿ.

ಈಗ ಮಾಲೀಕರಿಗೆ ಚಾಲೂ ಮಾಡಲು ಹೇಳಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ಹೋಗುತ್ತದೆ, ಪರವಾಗಿಲ್ಲ. ನಿಲ್ಲದೆ ಬರುವ ದಪ್ಪ ಬಿಳಿ ಹೊಗೆ ಅಂದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಇಂಧನ ಜಾಸ್ತಿ ಹೋಗುತ್ತಿರುವುದು, ಡೀಸೆಲ್ ಆದರೆ ಇಂಜೆಕ್ಟರ್ ಕಡೆ ನೋಡಬೇಕು. ಐದು ನಿಮಿಷ ಬಿಟ್ಟು, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಸಡಿಲಿಸಿ. ಒಳಗಿಂದ ದಬ್‌ದಬ್ ಅಂತ ಹೊಗೆ ತಳ್ಳುತ್ತಿದ್ದರೆ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಶನ್ ಅನ್ನುತ್ತಾರೆ. ಪಿಸ್ಟನ್, ರಿಂಗ್ ಸವೆದಿವೆ, ಎಂಜಿನ್ ಬಿಚ್ಚುವ ಕೆಲಸ. ಅಂಥ ಗಾಡಿಗೆ ಬೆಲೆ ಕಟ್ಟಲು ಹೋಗಬೇಡಿ.

ಕೀ ತಿರುಗಿಸಿದಾಗ ಮೀಟರ್ ಬೋರ್ಡ್ ನೋಡಿ. ಚೆಕ್ ಎಂಜಿನ್ ಲೈಟು, ಗಾಡಿಯಲ್ಲಿ ಏರ್‌ಬ್ಯಾಗ್, ಎಬಿಎಸ್ ಇದ್ದರೆ ಅವುಗಳ ಲೈಟೂ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ತೆಗೆದಿರಬಹುದು. ಹತ್ತಿದ್ದು ಆರದಿದ್ದರೆ ಎಷ್ಟೋ ವಾಸಿ, ಏನೋ ತೊಂದರೆ ಇದೆ ಅಂತ ಕಣ್ಣಿಗಾದರೂ ಕಾಣುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಬಾನೆಟ್ ಹತ್ತಿರ ಪೆಟ್ರೋಲ್ ವಾಸನೆ ಬರುತ್ತದೆಯಾ ಮೂಸಿ. ಈಗ ಬಂಕ್‌ಗಳಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ಗಾಡಿಗಳ ರಬ್ಬರ್ ಪೈಪುಗಳು ಇದಕ್ಕಂತಲೇ ಮಾಡಿದವಲ್ಲ. ಒಣಗಿ ಬಿರುಕು ಬಿಟ್ಟ ಪೈಪ್ ಬದಲಿಸೋದು ಸಣ್ಣ ಖರ್ಚು, ಆದರೆ ಮಾಡಲೇಬೇಕಾದ ಖರ್ಚು.

4. ಮೈ ನೋಡಿ: ಎರೆ ಮಣ್ಣು, ಧೂಳು, ಪ್ರವಾಹ

ಬಿಸಿಲಿನಲ್ಲಿ, ತೊಳೆಯದ ಗಾಡಿ ನೋಡಿ. ಆಗಷ್ಟೇ ಪಾಲಿಶ್ ಮಾಡಿದ ಗಾಡಿಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಬಾಗಿಲು, ಫೆಂಡರ್, ಹಿಂದಿನ ಕ್ವಾರ್ಟರ್ ಮೇಲೆ ಇಟ್ಟು ನೋಡಿ. ಹಿಡಿಯದ ಜಾಗದಲ್ಲಿ ಒಳಗೆ ಪುಟ್ಟಿ ತುಂಬಿದ್ದಾರೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಹಿಡಿಯಲ್ಲ, ಗಾಬರಿಯಾಗಬೇಡಿ. ಬಾಗಿಲಿಗೆ ಬೈಕ್ ತಾಗಿ ಪುಟ್ಟಿ ಹಾಕಿಸಿದ್ದರೆ ಅದು ಬೆಲೆ ಇಳಿಸುವ ವಿಷಯವೇ ಅಲ್ಲ. ಹತ್ತು ವರ್ಷ ಊರಲ್ಲಿ ಓಡಿದ ಗಾಡಿಗೆ ಗೀರು ಬೀಳದೇ ಇರುತ್ತದಾ?

ನೋಡಬೇಕಾದದ್ದು ಬೇರೆ. ಬಾನೆಟ್ ಎತ್ತಿ ಎರಡೂ ಕಡೆಯ ಅಪ್ರಾನ್ (ಎಂಜಿನ್ ಪಕ್ಕದ ಒಳ ತಗಡು), ಮುಂದಿನ ಅಡ್ಡಪಟ್ಟಿ, ಬಾನೆಟ್ ಹಿಂಜ್ ಬೋಲ್ಟ್ ನೋಡಿ. ಬೋಲ್ಟ್ ತಲೆಯ ಬಣ್ಣ ಕಿತ್ತು ಪಾನಾ ಗುರುತು ಬಿದ್ದಿದ್ದರೆ ಬಿಚ್ಚಿದ್ದಾರೆ. ಕಂಪನಿ ವೆಲ್ಡಿಂಗ್ ಸಮ ಅಂತರದ ಸಣ್ಣ ಗುಂಡಿಗಳಂತೆ ಇರುತ್ತದೆ, ಗ್ಯಾರೇಜಿನದು ಉಬ್ಬು ತಗ್ಗು. ಬಾಗಿಲ ರಬ್ಬರ್ ಒಂದು ಕಡೆ ಕೈಯಿಂದ ಎಳೆದರೆ ಬಾಗಿಲ ಪಕ್ಕದ ಕಂಬದ ಮೇಲೆ ಆ ಗುಂಡಿಗಳು ಕಾಣಬೇಕು. ಕಂಬ, ಅಪ್ರಾನ್, ಚಾಸಿಗೆ ಪೆಟ್ಟು ಬಿದ್ದ ಗಾಡಿ ಎಷ್ಟು ಅಗ್ಗವಾದರೂ ಬೇಡ. ಗಾಜುಗಳ ಮೂಲೆಯ ಗುರುತು ಹೋಲಿಸಿ. ಎಲ್ಲಾ ಗಾಜು 2013, ಒಂದೇ ಒಂದು 2018 ಅಂದರೆ ಆ ಕಡೆ ಏನೋ ಆಗಿದೆ.

ಈಗ ಕೆಳಗೆ ಬಗ್ಗಿ. ಹೊಲದ ದಾರಿಯಲ್ಲಿ ಓಡಿದ ಗಾಡಿಯ ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗಿನ ಸೈಡ್ ಸಿಲ್ ಒಳಗೆ ಎರೆ ಮಣ್ಣು ಮೆತ್ತಿರುತ್ತದೆ. ಮೇಲಿಂದ ಒಣಗಿದಂತೆ ಕಂಡರೂ ಉಗುರಿನಿಂದ ಕೆತ್ತಿದರೆ ಒಳಗೆ ಇನ್ನೂ ತೇವ. ಆ ತೇವದ ಹಿಂದೆ ತಗಡು ಸುಮ್ನೆ ಇರಲ್ಲ. ಮಣ್ಣು ಕೆತ್ತಿದ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅಂದರೆ ಗಟ್ಟಿ, ಪೊಳ್ಳು ಶಬ್ದ ಬಂದು ತುಕ್ಕಿನ ಚೂರು ಉದುರಿದರೆ ತಗಡು ಕೆಲಸ ಇದೆ. ಮೇಲ್ಮೈಯ ಕೆಂಪು ತುಕ್ಕಿಗೆ ಅಂಡರ್‌ಕೋಟಿಂಗ್ ಸಾಕು, ತೂತು ಬಿದ್ದಿದ್ದರೆ ಬಿಡಿ.

ವಾಡಿ, ಶಹಾಬಾದ್, ಸೇಡಂ ಕಡೆಯ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ತೆರೆಸಿ. ಸಿಮೆಂಟ್ ಮತ್ತು ಕಲ್ಲಿನ ಧೂಳು ಫಿಲ್ಟರ್‌ನಲ್ಲಿ ಇರೋದು ಸಹಜ. ಫಿಲ್ಟರ್ ದಾಟಿ ಎಂಜಿನ್ ಕಡೆಯ ಪೈಪಿನ ಒಳಗೂ ಬೂದು ಧೂಳು ಬೆರಳಿಗೆ ಹತ್ತಿದರೆ, ಎಂಜಿನ್ ವರ್ಷಗಟ್ಟಲೆ ಅದನ್ನೇ ಕುಡಿದಿದೆ.

ಮುಳುಗಿದ ಗಾಡಿಯ ಬಗ್ಗೆ ಜಾಸ್ತಿ ಎಚ್ಚರ. 2020ರ ಅಕ್ಟೋಬರಿನಲ್ಲಿ ಭೀಮೆ ಅಫಜಲಪುರ, ಜೇವರ್ಗಿ ಕಡೆ ಉಕ್ಕಿ ಹರಿದಳು. ಅದೇ ವಾರ ಹೈದರಾಬಾದಿನ ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ತೇಲಿದವು. ಹಾಗೆ ಮುಳುಗಿ ಎದ್ದ ಗಾಡಿ ತೊಳೆದು ಒಣಗಿಸಿದರೆ ಹೊರಗಿಂದ ಗೊತ್ತೇ ಆಗಲ್ಲ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಸೀಟಿನ ಕೆಳಗಿನ ಕಬ್ಬಿಣದ ಹಳಿ, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ಹಸಿರು ಹಿಡಿದಿದೆಯಾ, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದೆಯಾ ನೋಡಿ. ಮ್ಯಾಟ್ ಎತ್ತಿ ಮೂಸಿ. ಗಾಡಿಯೊಳಗೆ ಅತ್ತರ್ ವಾಸನೆ ಘಮಘಮ ಅಂದರೆ ಇನ್ನೊಮ್ಮೆ ಮೂಸಿ.

5. ಮೀಟರ್ ನಂಬಬೇಡಿ

ಮೀಟರ್ ಹಿಂದಕ್ಕೆ ತಿರುಗಿಸೋದು ಅರ್ಧ ಗಂಟೆಯ ಕೆಲಸ. ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿ, ಸ್ಟಿಯರಿಂಗ್ ಹೊಳೆಯುತ್ತಾ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ ಅದು 45,000 ಕಿಲೋಮೀಟರ್ ಗಾಡಿ ಅಲ್ಲ. ಹಿಂದಿನ ಸೀಟೂ ಕುಸಿದಿದ್ದರೆ ವೈಟ್ ಬೋರ್ಡ್‌ನಲ್ಲೇ ಬಾಡಿಗೆ ಓಡಿದೆ. ಬಾಗಿಲ ಪಟ್ಟಿಯಲ್ಲೋ ಬಾನೆಟ್ ಒಳಗೋ ಆಯಿಲ್ ಬದಲಿಸಿದ ಹಳೆ ಚೀಟಿ ಇರುತ್ತದೆ, ಅದರಲ್ಲಿ ಕಿಲೋಮೀಟರ್ ಬರೆದಿರುತ್ತಾರೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಗಾಡಿಯಾದರೆ ಮಾಲೀಕರ ಕೈಯಲ್ಲೇ ಹಳೆ ದಾಖಲೆ ತರಿಸಿ.

ಟಾಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು. ಗಾಡಿ 2014ರದು, 30,000 ಓಡಿದೆ ಅನ್ನುತ್ತಾರೆ, ಆದರೆ ಟಾಯರ್ ಎರಡನೇ ಸೆಟ್ ಸವೆದಿದೆ. ಲೆಕ್ಕ ಹೊಂದುತ್ತದಾ? ಗೆರೆಯ ಆಳ 1.6 ಮಿಲಿಮೀಟರ್‌ಗೆ ಇಳಿದಿದ್ದರೆ ಟಾಯರ್ ಮುಗಿಯಿತು. ಆಳ ಇದ್ದರೂ ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ನಮ್ಮ ಬಿಸಿಲಿಗೆ ಸಿಡಿಯುತ್ತದೆ, ಅದೂ ಮುಗಿದಂತೆಯೇ.

6. ಓಡಿಸಿ ನೋಡಿ, ಮ್ಯೂಸಿಕ್ ಬಂದ್ ಮಾಡಿ

ಮೊದಲು ಸೂಪರ್ ಮಾರ್ಕೆಟ್ ಕಡೆಯ ಗದ್ದಲ, ಆಮೇಲೆ ರಿಂಗ್ ರೋಡ್, ಕೊನೆಗೆ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ತನಕ. ಕಾಲೋನಿ ಒಳಗೆ ಒಂದು ಸುತ್ತು ಹೊಡೆದು "ಆಯ್ತ್ರಿ" ಅಂದರೆ ಏನೂ ಗೊತ್ತಾಗಲ್ಲ.

ನಿಂತಲ್ಲೇ ಹ್ಯಾಂಡ್‌ಬ್ರೇಕ್ ಎಳೆದು, ಎರಡನೇ ಗೇರ್ ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಹೋಗಿದೆ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿ, ಕಟ್‌ಕಟ್ ಅಂದರೆ ಡ್ರೈವ್ ಶಾಫ್ಟ್. ಹಂಪ್ ಮೇಲೆ ಲೊಡಕ್ ಅಂದರೆ ಲೋವರ್ ಆರ್ಮ್, ಲಿಂಕ್ ರಾಡ್, ಬುಷ್. ಇವು ನಮ್ಮ ರಸ್ತೆಗಳಲ್ಲಿ ಹೇಗೂ ಹೋಗುತ್ತವೆ, ಹೆದರಬೇಕಿಲ್ಲ, ಖರ್ಚು ಬರೆದರೆ ಸಾಕು. ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯಬಾರದು. ಗೇರ್ ತಾನಾಗಿ ಜಾರಿ ಹೊರಬಂದರೆ ಗೇರ್‌ಬಾಕ್ಸ್ ಕೆಲಸ, ಅದು ದೊಡ್ಡ ಖರ್ಚು.

ಎಸಿ ಪರೀಕ್ಷೆಗೆ ಮಧ್ಯಾಹ್ನ ಇನ್ನೊಮ್ಮೆ ಹೋಗೋದು ಒಳ್ಳೆಯದು. ಡಿಸೆಂಬರ್ ಬೆಳಿಗ್ಗೆ ಎಲ್ಲಾ ಗಾಡಿಯ ಎಸಿಯೂ ತಣ್ಣಗೇ ಇರುತ್ತದೆ, ಅಲ್ವಾ? ಬಿಸಿಲಿನಲ್ಲಿ ನಿಲ್ಲಿಸಿ, ಎಸಿ ಪೂರ್ತಿ ಹಾಕಿ, ಕಾಲು ಗಂಟೆ ಚಾಲೂ ಬಿಡಿ. ಟೆಂಪರೇಚರ್ ಮುಳ್ಳು ಮಧ್ಯ ದಾಟಬಾರದು, ರೇಡಿಯೇಟರ್ ಫ್ಯಾನ್ ಹತ್ತಿ ಆರುತ್ತಿರಬೇಕು, ಒಳಗೆ ಗಾಳಿ ತಣ್ಣಗೆ ಬರುತ್ತಲೇ ಇರಬೇಕು. ಕಲಬುರಗಿಯಲ್ಲಿ ಕೊಳ್ಳುವ ಗಾಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನನ್ನ ಪ್ರಕಾರ ಇಲ್ಲ.

7. ಮಿಸ್ತ್ರಿಗೆ ತೋರಿಸಿ

ಮಾರುವವರ ಪರಿಚಯದ ಮಿಸ್ತ್ರಿ ಬೇಡ, ನಿಮ್ಮವರು ಇರಲಿ. ಗಂಟೆಯ ಕೂಲಿ ಮೊದಲೇ ಹೇಳಿ ಕೊಡಿ. ಇಲ್ಲದಿದ್ದರೆ ನೀವು ಗಾಡಿ ಕೊಂಡು ರಿಪೇರಿಗೆ ಅವರ ಹತ್ತಿರವೇ ಬರುತ್ತೀರಿ ಅನ್ನೋ ಲೆಕ್ಕದಲ್ಲಿ "ಗಾಡಿ ಚೊಲೋ ಅದ, ತಗೋರಿ" ಅಂದುಬಿಡಬಹುದು. ಗಾಡಿ ಎತ್ತಿಸಿ ಕೆಳಗಿಂದ ತೋರಿಸಿ. ಸ್ಕ್ಯಾನರ್ ಹಾಕಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಹಳೆ ಸ್ಯಾಂಟ್ರೊ, 800 ಸಿಸಿ ಆಲ್ಟೊ, ಡಸ್ಟರ್ ಡೀಸೆಲ್ ಥರದ್ದು, ಬೆಲ್ಟ್ ಯಾವಾಗ ಬದಲಿಸಿದ್ದಾರೆ ಅಂತ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಹಿಡಿದು ಖರ್ಚು ಬರೆಯಿರಿ. ಪ್ರತಿ ದೋಷದ ಮುಂದೆಯೂ ಮಿಸ್ತ್ರಿ ಬಾಯಿಂದ ಒಂದು ಅಂಕಿ ಬರಲಿ.

8. ಲೆಕ್ಕ ಹಾಕಿ

2013ರ ಪೆಟ್ರೋಲ್ ವ್ಯಾಗನ್‌ಆರ್ ಅಂದುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ, ನಿಮ್ಮ ಅಂಕಿ ನೀವೇ ಹಾಕಿಕೊಳ್ಳಿ. ಮಾಲೀಕರು ಕೇಳೋದು 2,50,000. ಚೆನ್ನಾಗಿರೋ ಅಂಥ ಗಾಡಿ ಹೋಗೋದು 2,30,000ಕ್ಕೆ ಅಂತ ನಿಮ್ಮ ಪಟ್ಟಿ ಹೇಳುತ್ತದೆ. ಲೆಕ್ಕ ಶುರುವಾಗಬೇಕಾದದ್ದು ಈ 2,30,000ದಿಂದ, ಅವರು ಕೇಳಿದ ಬೆಲೆಯಿಂದ ಅಲ್ಲ.

ಕ್ಲಚ್ 9,000. ಲೋವರ್ ಆರ್ಮ್, ಲಿಂಕ್ ರಾಡ್ 6,000. ಎಸಿ ಕೆಲಸ 8,000. ರೇಡಿಯೇಟರ್ 5,000. ನಾಲ್ಕು ಟಾಯರ್ 16,000, ಆದರೆ ಪೂರ್ತಿ ಕಳೆಯೋದು ನ್ಯಾಯ ಅಲ್ಲ. ಚೆನ್ನಾಗಿರೋ ಹಳೆ ಗಾಡಿಯಲ್ಲೂ ಹೊಸ ಟಾಯರ್ ಇರಲ್ಲ, ಅರ್ಧ ಸವೆದಿರುತ್ತದೆ. ಅದಕ್ಕೆ 8,000 ಕಳೆಯಿರಿ. ಒಟ್ಟು 36,000. ಉಳಿದದ್ದು 1,94,000. ಕಣ್ಣಿಗೆ ಬೀಳದ್ದು ಏನಾದರೂ ಇದ್ದೇ ಇರುತ್ತದೆ ಅಂತ 10,000 ತೆಗೆದಿಡಿ. 1,84,000 ನಿಮ್ಮ ಮೇಲಿನ ಮಿತಿ.

ಆಯಿಲ್ ಸರ್ವಿಸ್, ಹೆಸರು ಬದಲಾವಣೆ, ಇನ್ಶೂರೆನ್ಸ್ ಯಾವ ಗಾಡಿ ಕೊಂಡರೂ ಬರುವ ಖರ್ಚು, ಅದನ್ನು ಇದರಲ್ಲಿ ಕಳೆಯಬೇಡಿ. ಆದರೆ ಕೈಯಲ್ಲಿ ಅಷ್ಟು ರೊಕ್ಕ ಇಟ್ಟುಕೊಂಡೇ ಹೋಗಿ. ಟಾಯರ್‌ಗೆ ಪೂರ್ತಿ 16,000 ಹಿಡಿದರೆ ಇದೇ ಗಾಡಿಗೆ 44,000 ರಿಪೇರಿ ಬಾಕಿ ಇದೆ ಅನ್ನೋದೂ ನೆನಪಿರಲಿ. ಹಳೆ ಗಾಡಿಗೆ ಬ್ಯಾಂಕ್ ಸಾಲ ಸುಲಭಕ್ಕೆ ಸಿಗಲ್ಲ, ಸಿಕ್ಕರೂ ರಿಪೇರಿಗೆ ಕೊಡಲ್ಲ.

ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್, ಸೀಟ್ ಕವರ್‌ಗೆ ಒಂದು ರೂಪಾಯಿಯೂ ಸೇರಿಸಬೇಡಿ. ಪೂರ್ತಿ ಸರ್ವಿಸ್ ಬಿಲ್ ಫೈಲ್ ಇಟ್ಟ ಮಾಲೀಕರಿಗೆ ಮಾತ್ರ ನಾನು ಐದು ಹತ್ತು ಸಾವಿರ ಜಾಸ್ತಿ ಕೊಡಿ ಅನ್ನುತ್ತೇನೆ. ಅಂಥವರು ಕಡಿಮೆ.

9. ಮಾತುಕತೆ

ಗಾಡಿಯನ್ನು ಹೀಗಳೆಯಬೇಡಿ. ಮಾರುವವರಿಗೆ ಅದರ ಮೇಲೆ ಮಮತೆ ಇರುತ್ತದೆ. ನೋಟ್‌ಬುಕ್ ತೆರೆದು ಮುಂದಿಡಿ.

"ಕಾಕಾ, ಗಾಡಿ ಚೊಲೋ ಇಟ್ಟೀರಿ. ಆದ್ರ ಕ್ಲಚ್ ಹೋಗ್ಯಾದ, ಟಾಯರ್ ನಾಕೂ ಮುಗದಾವ. ನೋಡ್ರಿ, ಮಿಸ್ತ್ರಿ ಬರದ ಕೊಟ್ಟಾನ."

"ಅದೇನ್ ದೊಡ್ಡ ಮಾತಲ್ಲ ತಮ್ಮಾ, ಸಣ್ಣ ಕೆಲಸ."

"ಸಣ್ಣ ಕೆಲಸ ಇದ್ರ ನೀವೇ ಮಾಡಿಸಿ ಕೊಡ್ರಿ, ನೀವ್ ಹೇಳಿದ್ದಕ್ಕ ಹತ್ರ ಬರ್ತೀನಿ."

ಇದಕ್ಕೆ ಸಾಮಾನ್ಯವಾಗಿ ಉತ್ತರ ಬರಲ್ಲ, ಬೆಲೆ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 1,65,000ದಿಂದ ಶುರು ಮಾಡಿ. ದಲ್ಲಾಳಿ ಇದ್ದರೆ ಕಮಿಷನ್ ಯಾರು ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. "ಇನ್ನೊಬ್ಬರು ಸಂಜೆ ಬರ್ತಾರ" ಅಂದರೆ ಬರಲಿ ಬಿಡಿ. ಬಯಾನ (ಮುಂಗಡ) ಕೊಡುವುದಾದರೆ ಸಣ್ಣ ಮೊತ್ತ, ಚೀಟಿಯಲ್ಲಿ ಗಾಡಿ ನಂಬರ್, ಒಪ್ಪಿದ ಬೆಲೆ, ಕಾಗದ ಸರಿಯಿಲ್ಲದಿದ್ದರೆ ವಾಪಸ್ ಅನ್ನೋ ಮಾತು ಬರೆಸಿ, ಸಹಿ ಹಾಕಿಸಿ.

10. ರೊಕ್ಕ ಕೊಡುವ ದಿನ

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲೆ ಕೆತ್ತಿದ್ದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಕೆತ್ತಿದ ಜಾಗ ಉಜ್ಜಿದಂತಿದ್ದರೆ ಎದ್ದು ಬನ್ನಿ. ಕದ್ದ ಗಾಡಿಯಾ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯ ತಾಣದಲ್ಲಿ ನೋಡಬಹುದು.

ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ನಿಮ್ಮೆದುರು ಸಹಿ ಹಾಕಲಿ. ಸಹಿ ಹಾಕಿದ ಖಾಲಿ ಫಾರ್ಮ್ ಇಟ್ಟುಕೊಂಡು ಮೂರು ಕೈ ದಾಟಿದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥದ್ದರಲ್ಲಿ ಮೂಲ ಮಾಲೀಕರು ಸಿಗದಿದ್ದರೆ ಗಾಡಿ ನಿಮ್ಮ ಮನೆ ಮುಂದೆ ನಿಂತಿದ್ದರೂ ಕಾಗದದಲ್ಲಿ ನಿಮ್ಮದಲ್ಲ. ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಅಪಘಾತಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮಾರುವವರಿಗೆ ಇದನ್ನು ಹೇಳಿದರೆ ಅವರೇ ನಿಮಗಿಂತ ಮೊದಲು ಆರ್‌ಟಿಒಗೆ ಬರುತ್ತಾರೆ. ಕೊಂಡವರು ಹೆಸರು ಬದಲಾವಣೆಗೆ 30 ದಿನದೊಳಗೆ ಅರ್ಜಿ ಹಾಕಬೇಕು.

ಪೂರ್ತಿ ರೊಕ್ಕ ಬ್ಯಾಂಕ್ ಮೂಲಕವೇ ಹೋಗಲಿ. ಅದರಲ್ಲಿ ಹತ್ತು ಸಾವಿರವಾದರೂ ಹೆಸರು ಬದಲಾದ ಮೇಲೆ ಕೊಡುವಂತೆ ಉಳಿಸಿಕೊಳ್ಳಿ. ಗಾಡಿ ಒಪ್ಪಿಸಿದ ದಿನಾಂಕ, ಗಂಟೆ ಬರೆದ ಚೀಟಿ ಇಬ್ಬರ ಹತ್ತಿರವೂ ಇರಲಿ. ಎರಡನೇ ಕೀ ಕೇಳಿ. ಅವರ ಫಾಸ್ಟ್ಯಾಗ್ ಅವರೇ ಬಂದ್ ಮಾಡಿಸಲಿ, ನೀವು ಹೊಸದು ಹಾಕಿಸಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಹಾಗಾಗಿ ಆ ವ್ಯತ್ಯಾಸದ ಪ್ರೀಮಿಯಂ ಕಟ್ಟಬೇಕಾಗುತ್ತದೆ.